ಓಟಕ್ಕೆ ಮನಸ್ಸು ಒಲ್ಲೆ ಎಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಕೊಡಗಿನವು. ಊರು, ವಯಸ್ಸು, ಕೆಲಸ ಬೇರೆ ಬೇರೆಯಾದರೂ ದೂರು ಹೆಚ್ಚುಕಡಿಮೆ ಒಂದೇ. ಓಡಲು ಶುರು ಮಾಡುತ್ತೇವೆ, ಕೆಲವೇ ದಿನಗಳಲ್ಲಿ ಮನಸ್ಸು ಮೊಂಡು ಹಿಡಿಯುತ್ತದೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ, ಶಾಲಾ ಶಿಕ್ಷಕಿ. ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟು, ಮನೆಯಿಂದ ರಾಜಾಸೀಟಿನವರೆಗೆ ಎಲ್ಲೂ ನಿಲ್ಲದೆ ಓಡುತ್ತೇನೆ. ತಲುಪುವಾಗ ಏದುಸಿರು. ಎರಡು ವಾರ ಹೀಗೆ ನಡೆಯುತ್ತದೆ, ಆಮೇಲೆ ಒಂದು ದಿನ ಏಳಲು ಮನಸ್ಸಾಗುವುದಿಲ್ಲ, ಅಲ್ಲಿಗೆ ನಿಂತಿತು. ಮೂರು ಸಲ ಹೀಗೇ ಆಯಿತು. ನನ್ನಲ್ಲಿ ಛಲವೇ ಇಲ್ಲವೇ?
– ಓದುಗರು, ಮಡಿಕೇರಿ

ಉತ್ತರ: ಛಲ ಇಲ್ಲದವರು ಮೂರನೆಯ ಸಲ ಶುರು ಮಾಡುವುದಿಲ್ಲ ಮೇಡಂ. ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು 'ಏದುಸಿರು' ಎಂಬ ಮಾತು. ಅಲಾರಂ ಹೊಡೆದಾಗ ಮನಸ್ಸು ಬೇಡವೆನ್ನುವುದು ಬಹಳ ಸಲ ಹಿಂದಿನ ಓಟದ ವೇಗಕ್ಕೆ ಕೊಡುವ ಉತ್ತರ. ಪ್ರತಿ ಓಟವೂ ಎದೆ ಉರಿಯುವಷ್ಟು ಕಷ್ಟವಾದರೆ, ಆ ಕಷ್ಟ ನೆನಪಿರುವ ಮೆದುಳು ಮತ್ತೆ ಅಲ್ಲಿಗೆ ಹೋಗಲು ಒಪ್ಪುವುದಿಲ್ಲ. ಅದನ್ನು ಛಲದಿಂದ ಎರಡು ವಾರ ಗದರಿಸಬಹುದು, ವರ್ಷವಿಡೀ ಆಗದು. ಆದ್ದರಿಂದ ಮೊದಲು ವೇಗ ಇಳಿಸಿ, ಮನಸ್ಸಿನ ಮಾತು ಆಮೇಲೆ.

ಎಷ್ಟು ಇಳಿಸಬೇಕು? ಓಡುತ್ತಲೇ ಒಂದು ಪೂರ್ತಿ ವಾಕ್ಯ ಜೋರಾಗಿ ಹೇಳಿ. 'ಇವತ್ತು ಬಿಸಿಯೂಟಕ್ಕೆ ತರಕಾರಿ ಬಂದಿದೆಯೋ ಇಲ್ಲವೋ ಹೋದ ಕೂಡಲೇ ವಿಚಾರಿಸಬೇಕು' ಎನ್ನುವಷ್ಟು ಉದ್ದದ್ದು ಸಾಕು. ನಡುವೆ ಉಸಿರು ಎಳೆದುಕೊಳ್ಳದೆ ಹೇಳಲಾದರೆ ವೇಗ ಸರಿಯಿದೆ. 'ಬಿಸಿಯೂಟಕ್ಕೆ' ಎನ್ನುವಾಗಲೇ ತಡವರಿಸಿದರೆ ಇನ್ನೂ ನಿಧಾನ ಮಾಡಿ. ಅಷ್ಟು ನಿಧಾನ ಓಡಿದರೆ ನಡೆಯುವವರೇ ಹಿಂದೆ ಹಾಕುತ್ತಾರಲ್ಲ ಎನಿಸಬಹುದು. ಹಾಕಲಿ. ಮೊದಲ ಮೂರು ತಿಂಗಳು ಅದೇ ನಿಮ್ಮ ವೇಗ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿ ಉಸಿರು ಕಟ್ಟುವಷ್ಟು ಎತ್ತರ ಇದಲ್ಲ. ಉಸಿರು ಕಟ್ಟಿಸುವುದು ಏರು. ಈ ಊರಲ್ಲಿ ಯಾವ ಬಾಗಿಲಿನಿಂದ ಹೊರಬಿದ್ದರೂ ಏರೋ ಇಳಿಜಾರೋ ಕಾಲಿಗೆ ಸಿಗುತ್ತದೆ, ಸಮತಟ್ಟಿನಲ್ಲಿ ಓಡುವವರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಏರು ಬಂದಾಗ ನಡೆಯಿರಿ, ಅದು ಸೋಲಲ್ಲ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹದ ಮುಂದಕ್ಕೆ ಚಾಚಿ ಬೀಳದೆ ಕೆಳಗೇ ಬೀಳಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆತದಲ್ಲಿದ್ದುಕೊಂಡೇ ದೇಹವನ್ನು ತಡೆದು ಹಿಡಿಯಬೇಕು. ಅದರ ನೋವು ಅಂದೇ ಬರದೆ ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಮೆಟ್ಟಿಲು ಇಳಿಯಲಾಗದ ಆ ಬೆಳಿಗ್ಗೆ 'ಓಟ ನನಗಾಗದು' ಎಂದು ತೀರ್ಮಾನಿಸಿದವರು ಬಹಳ. ನಿಮ್ಮ ಮೂರು ಸಲದಲ್ಲಿ ಒಂದಾದರೂ ಹೀಗೇ ನಿಂತಿರಬಹುದು.

ಈಗ ಲೆಕ್ಕ. ಕಿಲೋಮೀಟರು ಮರೆತುಬಿಡಿ, ಗಡಿಯಾರ ಸಾಕು. ವಾರಕ್ಕೆ ಮೂರೇ ದಿನ, ಮಂಗಳವಾರ, ಗುರುವಾರ, ಭಾನುವಾರ ಎಂದಿಟ್ಟುಕೊಳ್ಳಿ. ಯಾವಾಗಲೂ ಮೊದಲ ಐದು ನಿಮಿಷ ಬರೀ ನಡಿಗೆ, ಕೊನೆಯ ಐದು ನಿಮಿಷವೂ ನಡಿಗೆ. ನಡುವೆ, ಮೊದಲೆರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರು ಮತ್ತು ನಾಲ್ಕನೆಯ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಐದು, ಆರನೆಯ ವಾರ 4 ಓಟ, 2 ನಡಿಗೆ, ನಾಲ್ಕು ಸಲ. ಅದಾದ ಮೇಲೆ 8 ಓಟ, 2 ನಡಿಗೆ, ಮೂರು ಸಲ. ಒಂದು ಹಂತ ಭಾರವೆನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ. ತುಂಬ ಸುಲಭವಾಯಿತು ಎಂದು ಮಾತ್ರ ಹಂತ ಹಾರಬೇಡಿ. ಉಸಿರು ಬೇಗ ಪಳಗುತ್ತದೆ, ಮೊಣಕಾಲಿನ ಸುತ್ತಲಿನ ಸ್ನಾಯುರಜ್ಜು ಮತ್ತು ಮೊಣಕಾಲಿನಿಂದ ಕೆಳಗೆ ಕಾಲಿನ ಮುಂದಿನ ಮೂಳೆ ಪಳಗಲು ತಿಂಗಳುಗಳು ಬೇಕು. ಉತ್ಸಾಹ ಇರುವ ದಿನ ಹೆಚ್ಚು ಓಡಿ ಮುಂದಿನ ವಾರ ಕಾಲು ಹಿಡಿದು ಕೂರುವುದು ಇದರಿಂದಲೇ.

ಇನ್ನು ಬೆಳಿಗ್ಗೆ 5 ಗಂಟೆ. ನಿದ್ದೆಯಿಂದ ಎದ್ದ ಮೇಲೆ 15ರಿಂದ 30 ನಿಮಿಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು, ಮೆದುಳಿನ ಮಂಪರು ಪೂರ್ತಿ ಹರಿದಿರುವುದಿಲ್ಲ. ಹೊದಿಕೆಯೊಳಗೆ ಮಲಗಿಕೊಂಡು 'ಇವತ್ತು ಹೋಗಲೋ ಬೇಡವೋ' ಎಂದು ಕೇಳಿಕೊಂಡರೆ ಉತ್ತರ ಕೊಡುವುದು ಆ ಅರೆಎಚ್ಚರದ ಮೆದುಳು. ಡಿಸೆಂಬರಿನ ಮಡಿಕೇರಿಯಲ್ಲಿ ಅದು 'ಹೋಗು' ಎನ್ನುತ್ತದೆಂದು ನಿರೀಕ್ಷಿಸಬೇಡಿ. ಹಾಗಾಗಿ ತೀರ್ಮಾನ ಹಿಂದಿನ ರಾತ್ರಿಯದ್ದಾಗಿರಲಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರಿಸಿದ ಒಂದು ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ. 'ವ್ಯಾಯಾಮ ಮಾಡಬೇಕು' ಎಂಬ ಬರೀ ಸಂಕಲ್ಪಕ್ಕಿಂತ 'ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ' ಎಂದು ಗಂಟು ಹಾಕಿಟ್ಟ ಯೋಜನೆ ಹೆಚ್ಚು ಸಲ ನಡೆಯುತ್ತದೆ. ನಿಮ್ಮದು ಹೀಗಿರಲಿ: 'ಬೆಲ್ಲದ ಕಾಫಿ ಕುಡಿದು ಲೋಟ ಸಿಂಕಿಗೆ ಇಟ್ಟ ಕೂಡಲೇ ಶೂ ಹಾಕಿಕೊಳ್ಳುತ್ತೇನೆ.' ಕಾಗದದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ.

ರಾತ್ರಿಯೇ ಮಾಡಿಡಬೇಕಾದದ್ದು ಇಷ್ಟು. ಬಟ್ಟೆ ಬೀರುವಿನಿಂದ ಹೊರಗೆ, ಕುರ್ಚಿಯ ಮೇಲೆ. ಶೂ ಲೇಸು ಸಡಿಲ ಮಾಡಿ, ಕಾಲುಚೀಲ ಒಳಗೆ ತುರುಕಿ, ಬಾಗಿಲ ಬಳಿ. ಟಾರ್ಚ್ ಚಾರ್ಜಿಗೆ. ಫೋನು ಹಾಸಿಗೆಯಿಂದ ಎದ್ದು ನಡೆದರೆ ಮಾತ್ರ ಸಿಗುವಷ್ಟು ದೂರ. ಬೆಳಿಗ್ಗೆ ಕಾಲುಚೀಲದ ಜೋಡಿ ಹುಡುಕುವ ಮೂರು ನಿಮಿಷದಲ್ಲಿ ಎಷ್ಟೋ ಓಟಗಳು ರದ್ದಾಗಿವೆ.

ಹೊರಗೆ ಬಿದ್ದ ಮೇಲೂ ಮೊದಲ ಹತ್ತು ನಿಮಿಷ ಮನಸ್ಸು ಗೊಣಗುತ್ತದೆ. ಅದಕ್ಕೆ ದೇಹದ ಕಾರಣವಿದೆ. ಓಟ ಶುರುವಾದ ಕ್ಷಣವೇ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು, ಹೃದಯ ಮತ್ತು ಶ್ವಾಸಕೋಶ ಆ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಚಳಿಯಲ್ಲಿ ಕೀಲುಗಳೂ ಬಿಗಿ. ಅದಕ್ಕೇ ಆ ಐದು ನಿಮಿಷದ ನಡಿಗೆ ಬಿಡಬೇಡಿ ಎಂದದ್ದು. ಹತ್ತು ನಿಮಿಷ ಮುಗಿಯುವವರೆಗೆ 'ಇವತ್ತು ಚೆನ್ನಾಗಿಲ್ಲ' ಎಂಬ ತೀರ್ಪು ಕೊಡಬೇಡಿ. ಹತ್ತು ನಿಮಿಷದ ಮೇಲೂ ಬೇಡವೆನಿಸಿದರೆ ಧಾರಾಳವಾಗಿ ಮನೆಗೆ ಬನ್ನಿ, ಆ ದಿನವನ್ನು ಓಡಿದ ದಿನವೆಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ವಿನಾಯಿತಿಯನ್ನು ನಾವು ಮನಃಪೂರ್ವಕವಾಗಿ ಕೊಡುತ್ತಿದ್ದೇವೆ. ವಾಪಸ್ ಬರಲು ಅನುಮತಿ ಇದೆ ಎಂದು ಗೊತ್ತಿದ್ದಾಗಲೇ ಹೊರಡುವುದು ಹಗುರಾಗುತ್ತದೆ.

ಒಂದು ಎಚ್ಚರಿಕೆ. ಮಂಜು ಮುಸುಕಿದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ಓಡಿ. ಬಲಕ್ಕೆ ತೀಕ್ಷ್ಣವಾಗಿ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಒಳಬದಿಯಲ್ಲಿರುವ ನಿಮ್ಮನ್ನು ಎದುರು ಬರುವ ಚಾಲಕ ನೋಡುವುದು ತಡವಾಗುತ್ತದೆ. ಅಲ್ಲಿ ಮೊದಲೇ ಹಿಂದೆ ಮುಂದೆ ನೋಡಿ ಹೊರಬದಿಗೆ ದಾಟಿಕೊಳ್ಳಿ. ಬೆಳಕಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಇರಲೇಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಓಟದ ಮಾತೇ ಇಲ್ಲ. ಜೂನ್‌ನಲ್ಲಿ ನಿಂತದ್ದು ತುಲಾ ಸಂಕ್ರಮಣ ಕಳೆದರೂ ಶುರುವಾಗುವುದಿಲ್ಲ. ಏನು ಮಾಡಲಿ?
– ಓದುಗರು, ಭಾಗಮಂಡಲ

ಉತ್ತರ: ನಿಮ್ಮ ಊರಿನ ಮಳೆಗೆ ಎದೆ ಕೊಟ್ಟು ವಾರಕ್ಕೆ ನಾಲ್ಕು ದಿನ ಓಡಿ ಎಂದು ಹೇಳುವುದಿಲ್ಲ. ಮಳೆಗಾಲಕ್ಕೆ ಬೇರೆಯದೇ ಗುರಿ ಇರಲಿ. ಓಟ ವಾರಕ್ಕೊಂದು, ಮಳೆ ಬಿಡುವು ಕೊಟ್ಟರೆ ಎರಡು. ಉಳಿದ ದಿನ ಅದೇ ಹೊತ್ತಿಗೆ ಶೂ ಹಾಕಿ ಮನೆಯ ಜಗಲಿಯಲ್ಲೇ 20 ನಿಮಿಷ. ಹೊತ್ತು ಬದಲಿಸಬೇಡಿ, ಅದೇ ಮುಖ್ಯ. ಓಡದೆ ಎರಡು ವಾರ ಕಳೆದರೂ ದಮ್ಮು ಅಷ್ಟಾಗಿ ಇಳಿಯುವುದಿಲ್ಲ, ಆದರೆ ಆ ಹೊತ್ತಿಗೆ ಹೊದ್ದು ಮಲಗುವ ರೂಢಿ ಬಿದ್ದರೆ ಬಿಡಿಸುವುದು ಕಷ್ಟ.

ಜಗಲಿಯಲ್ಲಿ ಹೀಗೆ ಮಾಡಬಹುದು: ಮೆಟ್ಟಿಲು ಹತ್ತಿ ಇಳಿಯುವುದು 3 ನಿಮಿಷ, ನಿಂತಲ್ಲೇ ಮೊಣಕಾಲು ಎತ್ತಿ ಓಡುವುದು 1 ನಿಮಿಷ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 12 ಸಲ, ಹಿಮ್ಮಡಿ ಎತ್ತಿ ಇಳಿಸುವುದು 15 ಸಲ. ಇದನ್ನೇ ಮೂರು ಸುತ್ತು. ಹೊರಗಿನ ಮೆಟ್ಟಿಲಾದರೆ ಮೊದಲು ಪಾಚಿ ಉಜ್ಜಿ ತೆಗೆಯಿರಿ.

ಮಳೆಯಲ್ಲೇ ಓಡುವ ದಿನ ಕೊಡೆ, ದಪ್ಪ ರೈನ್‌ಕೋಟು ಎರಡೂ ಬೇಡ. ಒಳಗೆ ಬೆವರಿ ಹೇಗೂ ನೆನೆಯುತ್ತೀರಿ. ಕಣ್ಣಿಗೆ ನೀರು ಬೀಳದಂತೆ ಮುಂದೆ ಅಂಚಿರುವ ಟೋಪಿ, ಮೈಗೆ ಅಂಟುವ ಸಿಂಥೆಟಿಕ್ ಬನಿಯನ್ ಸಾಕು. ಹತ್ತಿಯ ಕಾಲುಚೀಲ ನೀರು ಹಿಡಿದು ಬೊಬ್ಬೆ ಎಬ್ಬಿಸುತ್ತದೆ, ನೈಲಾನ್ ಅಥವಾ ಉಣ್ಣೆ ಬೆರೆತದ್ದು ಹಾಕಿ. ತೊಡೆಸಂದು, ಕಂಕುಳು, ಕಾಲ್ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ. ಜಿಗಣೆ ಇರುವುದು ಹುಲ್ಲಿನಲ್ಲಿ, ತರಗೆಲೆಯಲ್ಲಿ. ಡಾಂಬರು ಬಿಟ್ಟು ಇಳಿಯದಿದ್ದರೆ ಹತ್ತುವುದು ಕಡಿಮೆ. ಹತ್ತಿದರೆ ಎಳೆದು ಕೀಳಬೇಡಿ. ಉಗುರನ್ನು ಚರ್ಮದ ಮೇಲೆ ಸವರಿ ಬಾಯಿಯ ಕಡೆಯಿಂದ ಬಿಡಿಸಿ, ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ಪದಾರ್ಥದಿಂದ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ. ಗುಡುಗು ಕೇಳಿದರೆ ಮಾತ್ರ ಹೊರಗೆ ಕಾಲಿಡಲೇಬೇಡಿ.

ಮಳೆಗಾಲದಲ್ಲಿ ಮನಸ್ಸು ಕೆಡಿಸುವ ದೊಡ್ಡ ವಸ್ತು ಒದ್ದೆ ಶೂ. ನಿನ್ನೆಯ ತಣ್ಣನೆಯ, ವಾಸನೆ ಬರುವ ಶೂವಿಗೆ ಕಾಲು ಹಾಕಲು ಯಾರಿಗೂ ಮನಸ್ಸಾಗದು. ಬಂದ ಕೂಡಲೇ ಒಳಗಿನ ಹಾಸು ಹೊರತೆಗೆದು, ಲೇಸು ಬಿಚ್ಚಿ, ಹಳೆ ಪೇಪರ್ ಉಂಡೆ ಮಾಡಿ ಮೂತಿಯವರೆಗೂ ತುಂಬಿ. ಒಂದು ಗಂಟೆಗೆ ಪೇಪರ್ ನೀರು ಹೀರಿರುತ್ತದೆ, ತೆಗೆದು ಹೊಸದು ತುಂಬಿ, ರಾತ್ರಿ ಮತ್ತೊಮ್ಮೆ. ಆಮೇಲೆ ಫ್ಯಾನಿನ ಕೆಳಗೆ. ಬಟ್ಟೆಯಂತೆ ಒಲೆಯ ಮೇಲೆ ಒಣಹಾಕಿದರೆ ಬಿಸಿಗೆ ಅಂಟು ಸಡಿಲಾಗಿ ಅಡಿ ಕಿತ್ತುಬರುತ್ತದೆ. ಅನುಕೂಲವಿದ್ದರೆ ಎರಡು ಜೊತೆ ಇಟ್ಟುಕೊಂಡು ಅದಲು ಬದಲು ಮಾಡಿ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ, ಹೀಗಾಗಿ ಎರಡನೆಯದು ದಂಡವಲ್ಲ.

ಪ್ರಶ್ನೆ: ನಮ್ಮ ತೋಟದ ರಸ್ತೆಯಲ್ಲಿ ಬೆಳಗಿನ ಜಾವ ಓಡಲು ಆನೆಯ ಭಯ. ಮನೆಯಲ್ಲಿ ಅದು ಸೋಮಾರಿತನದ ನೆಪ ಅಂತಾರೆ.
– ಓದುಗರು, ಸಿದ್ದಾಪುರ

ಉತ್ತರ: ನೆಪವಲ್ಲ. ಮನಸ್ಸಿನ ಆಲಸ್ಯ ಬೇರೆ, ಜೀವದ ಎಚ್ಚರ ಬೇರೆ. ಎರಡನೆಯದನ್ನು ಗೆಲ್ಲಲು ಹೋಗಬೇಡಿ. ನಿಮ್ಮ ಭಾಗದಲ್ಲಿ ಆನೆಗಳು ರಾತ್ರಿ ತೋಟದಲ್ಲಿ ಮೇದು ನಸುಕಿನಲ್ಲಿ ರಸ್ತೆ ದಾಟುವುದು ಎಲ್ಲರಿಗೂ ಗೊತ್ತಿರುವ ವಿಷಯ, ಕಾಫಿ ಗಿಡದ ಮರೆಯಲ್ಲಿ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ನಸುಕು, ಮುಸ್ಸಂಜೆ ಎರಡೂ ಬಿಡಿ. ಬಿಸಿಲು ಬಿದ್ದ ಮೇಲೆ, ರಾತ್ರಿ ಆನೆ ಯಾವ ಕಡೆ ಇತ್ತೆಂದು ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಕಾವಲಿನವರನ್ನು ಕೇಳಿಕೊಂಡೇ ಹೊರಡಿ, ಕಿವಿಗೆ ಇಯರ್‌ಫೋನ್ ಬೇಡ. ಅದಕ್ಕಿಂತ ಒಳ್ಳೆಯದು ಪೇಟೆಯ ಶಾಲಾ ಮೈದಾನ. ಸುತ್ತು ಹಾಕಿ ಬೇಸರವಾದರೆ ಪ್ರತಿ 5 ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಒಂದೇ ಬದಿಗೆ ವಾಲಿ ತಿರುಗುತ್ತಾ ಒಂದೇ ಕಾಲಿಗೆ ಭಾರ ಬೀಳುವುದೂ ಇದರಿಂದ ತಪ್ಪುತ್ತದೆ.

ಪ್ರಶ್ನೆ: ಸೇನಾ ಭರ್ತಿಗೆ ತಯಾರಿ ನಡೆಸಿದ್ದೇನೆ. 1,600 ಮೀಟರ್ ದಿನಾ ಟೈಮ್ ನೋಡಿಕೊಂಡು ಓಡುತ್ತೇನೆ. ಈಚೆಗೆ ಟೈಮ್ ಇಳಿಯುತ್ತಿಲ್ಲ, ಹಿಂದಿನ ರಾತ್ರಿಯಿಂದಲೇ ಹೊಟ್ಟೆ ತೊಳಸುತ್ತದೆ, ಮೈದಾನಕ್ಕೆ ಹೋಗಲು ಭಯ.
– ಓದುಗರು, ಸೋಮವಾರಪೇಟೆ

ಉತ್ತರ: ದಿನಾ ಪರೀಕ್ಷೆ ಬರೆದರೆ ಓದಲು ಸಮಯ ಎಲ್ಲಿ ತಮ್ಮಾ? ನೀನು ಮಾಡುತ್ತಿರುವುದು ಅದೇ. ಪೂರ್ತಿ 1,600 ಮೀಟರಿನ ಟೈಮ್ ಮೂರು ವಾರಕ್ಕೊಮ್ಮೆ ಮಾತ್ರ ತೆಗೆ. ವಾರದಲ್ಲಿ ಒಂದು ದಿನ 400 ಮೀಟರ್ ಐದು ಸಲ, ನಡುವೆ 2ರಿಂದ 3 ನಿಮಿಷ ನಡಿಗೆ. ಅದಾಗಿ ಎರಡು ದಿನ ಬಿಟ್ಟು 200 ಮೀಟರ್ ಎಂಟು ಸಲ, ನಡುವೆ ಒಂದೂವರೆ ನಿಮಿಷ. ಮಿಕ್ಕ ದಿನಗಳಲ್ಲಿ ಎರಡು ದಿನ 30ರಿಂದ 40 ನಿಮಿಷ ಮಾತಾಡುವ ವೇಗದ ನಿಧಾನ ಓಟ. ಒಂದು ದಿನವಾದರೂ ಪೂರ್ತಿ ವಿಶ್ರಾಂತಿ. ವೇಗದ ಓಟಕ್ಕೆ ಮೊದಲು 10 ನಿಮಿಷ ನಿಧಾನ ಓಟ, ಆಮೇಲೆ 60 ಮೀಟರಿನ ಮೂರು ನಾಲ್ಕು ಚುರುಕು ಓಟ. ತಣ್ಣಗಿನ ಮೈಯಲ್ಲಿ ಜೋರು ಹಿಡಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ.

1,600 ಎಂದರೆ 400ರ ನಾಲ್ಕು ಸುತ್ತು. 6 ನಿಮಿಷ ಗುರಿಯಾದರೆ ಸುತ್ತಿಗೆ 90 ಸೆಕೆಂಡ್. ಭಯದಲ್ಲಿ ಹುಡುಗರು ಮೊದಲ ಸುತ್ತನ್ನು 75ಕ್ಕೆ ಮುಗಿಸುತ್ತಾರೆ, ಮೂರನೆಯ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ, ಆ ನೆನಪೇ ಮರುದಿನದ ಭಯ. ಮೊದಲ ಸುತ್ತು 88ಕ್ಕಿಂತ ಬೇಗ ಬರಲೇಬಾರದು ಎಂದು ಅಭ್ಯಾಸ ಮಾಡು. ಮೂರನೆಯ ಸುತ್ತಿನಲ್ಲಿ ಉಳಿದ ದೂರ ಯೋಚಿಸದೆ ಮುಂದಿನ ತಿರುವಿನವರೆಗೆ ಮಾತ್ರ ಲೆಕ್ಕ ಹಾಕು, ಭುಜ ಇಳಿಸಿ ಕೈ ಬೀಸು. ಭಯ ಜಾಸ್ತಿ ಇರುವ ದಿನ '400 ಎರಡು ಸಲ ಓಡಿ ಆಮೇಲೆ ನೋಡೋಣ' ಎಂದುಕೊಂಡು ಹೋಗು.

ನಿನ್ನ ಮೈದಾನದ ಸುತ್ತು ಎಷ್ಟೆಂದು ಟೇಪಿನಿಂದ ಅಳೆ. ಸಣ್ಣ ತಿರುವುಗಳಲ್ಲಿ ಫೋನಿನ ಜಿಪಿಎಸ್ ತಪ್ಪು ದೂರ ತೋರಿಸುತ್ತದೆ. ಸುತ್ತು 20 ಮೀಟರ್ ಉದ್ದ ಇದ್ದರೂ ನೀನು ಪ್ರತಿಸಲ 80 ಮೀಟರ್ ಹೆಚ್ಚು ಓಡಿ 'ಟೈಮ್ ಇಳಿಯುತ್ತಿಲ್ಲ' ಎಂದು ಕೊರಗುತ್ತಿರಬಹುದು.

ಪ್ರಶ್ನೆ: ವಯಸ್ಸು 54, ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ಇದೆ. ಮಗ ಕೊಡಿಸಿದ ವಾಚ್‌ನಲ್ಲಿ ಎಷ್ಟು ಓಡಿದರೂ ಹೃದಯ ಬಡಿತ ಏರುವುದಿಲ್ಲ, ವೇಗವೂ ಕಡಿಮೆ. ನೋಡಿ ನೋಡಿ ಬೇಜಾರಾಗಿದೆ.
– ಓದುಗರು, ಕುಶಾಲನಗರ

ಉತ್ತರ: ಆ ಮಾತ್ರೆ ಹೃದಯ ಬಡಿತವನ್ನು ತಡೆದು ಹಿಡಿಯುವುದಕ್ಕೇ ಇರುವಂಥದ್ದು. ಬಡಿತ ಏರದಿರುವುದು ನಿಮ್ಮ ಕುಂದಲ್ಲ. ಎಲ್ಲಕ್ಕೂ ಮೊದಲು ನಿಮ್ಮ ವೈದ್ಯರನ್ನು ಕಂಡು ಓಡುವ ವಿಷಯ ತಿಳಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅವರು ಸರಿ ಎಂದರೆ, ಮೇಲೆ ಹೇಳಿದ ಪೂರ್ತಿ ವಾಕ್ಯದ ಪರೀಕ್ಷೆಯೇ ನಿಮ್ಮ ಅಳತೆ. ವಾಚ್‌ನಲ್ಲಿ ಸಮಯ ಬಿಟ್ಟು ಬೇರೇನೂ ಕಾಣದಂತೆ ಮಾಡಿಸಿಕೊಳ್ಳಿ. ನಿಮ್ಮ ಊರು ಮಡಿಕೇರಿಗಿಂತ ಎಷ್ಟೋ ಸಮತಟ್ಟು, ಅದು ನಿಮ್ಮ ಅದೃಷ್ಟ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ರಸ್ತೆಯಲ್ಲಿ ಎಲ್ಲರೂ ನೋಡುತ್ತಾರೆ, ಬೈಕಿನವರು ಏನಾದರೂ ಅನ್ನುತ್ತಾರೆ. ಹೊರಡುವಾಗಲೇ ಕಾಲು ಹಿಂಜರಿಯುತ್ತದೆ.
– ಓದುಗರು, ವಿರಾಜಪೇಟೆ

ಉತ್ತರ: ನೋಡುವವರ ವಿಷಯಕ್ಕೆ ಮದ್ದು, ಒಂದೇ ಹೊತ್ತು ಮತ್ತು ಒಂದೇ ದಾರಿ. ಕೆಲವು ವಾರದಲ್ಲಿ ಹಾಲಿನವರಿಗೂ ಅಂಗಡಿಯವರಿಗೂ ನೀವು ಹಳಬರಾಗುತ್ತೀರಿ, ಅವರ ಪರಿಚಯವೇ ಒಂದು ಕಾವಲು. ಮಾತಾಡಿ ಕೆಣಕುವವರ ವಿಷಯ ಹಾಗಲ್ಲ. ಅದನ್ನು ನೀವು ಸಹಿಸಿ ಪಳಗಬೇಕಿಲ್ಲ ತಂಗಿ. ಬೈಕಿನ ನಂಬರ್ ನೆನಪಿಟ್ಟು ಮನೆಯವರಿಗೆ ಹೇಳಿ, ಹಿಂಬಾಲಿಸಿದರೆ 112ಕ್ಕೆ ಕರೆ ಮಾಡಿ. ಜೊತೆಗೊಬ್ಬರನ್ನು ಹುಡುಕಿ, ವೇಗ ಹೊಂದದಿದ್ದರೂ ಪರವಾಗಿಲ್ಲ. ನಿಮ್ಮ ಗೇಟಿನ ಮುಂದೆ ಆರು ಗಂಟೆಗೆ ಬಂದು ನಿಲ್ಲುವವರಿದ್ದರೆ ಹಿಂಜರಿಕೆಗೆ ಜಾಗವೇ ಇರುವುದಿಲ್ಲ.

ಪ್ರಶ್ನೆ: ರೋಬಸ್ಟಾ ಕುಯ್ಲು ಮುಗಿಯುವಾಗ ಓಟ ಬಿಟ್ಟು ಎರಡು ತಿಂಗಳು ದಾಟಿರುತ್ತದೆ. 'ಎಲ್ಲ ನೀರುಪಾಲಾಯಿತು' ಎಂಬ ಬೇಸರಕ್ಕೆ ಮತ್ತೆ ಶುರು ಮಾಡಲಾಗುವುದಿಲ್ಲ.
– ಓದುಗರು, ಗೋಣಿಕೊಪ್ಪ

ಉತ್ತರ: ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರು ಹೊಸ ಅಭ್ಯಾಸ ಕಟ್ಟಿಕೊಳ್ಳುವುದನ್ನು ಗಮನಿಸಿದ್ದರು. ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು, ಒಬ್ಬೊಬ್ಬರ ಲೆಕ್ಕ 18 ದಿನದಿಂದ 254 ದಿನದವರೆಗೂ ಇತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಹಾಗಾಗಿ ಒಂದು ದಿನ ತಪ್ಪಿದ್ದಕ್ಕೆ ಕೊರಗುವ ಅಗತ್ಯವಿಲ್ಲ, ಎರಡು ತಿಂಗಳು ತಪ್ಪದಂತೆ ನೋಡಿಕೊಳ್ಳುವುದು ಮಾತ್ರ ಬೇಕು.

ಕುಯ್ಲಿನ ದಿನಗಳಿಗೆ ವಾರಕ್ಕೆರಡು ಸಲ 10 ನಿಮಿಷದ ಓಟ ಎಂದು ಮೊದಲೇ ನಿಗದಿ ಮಾಡಿ. ಬೆಳಿಗ್ಗೆ ಕೆಲಸ ಹಂಚಬೇಕು, ಸಂಜೆ ತೂಕ, ಲೆಕ್ಕ. ಕಣದ ತುಂಬ ಕಾಫಿ ಹರಡಿರುತ್ತದೆ. ಉಳಿಯುವುದು ಕೆಲಸದವರು ಬುತ್ತಿ ಬಿಚ್ಚುವ ಹೊತ್ತು. ನಿಮ್ಮ ಊಟಕ್ಕೆ ಮೊದಲು ಗೇಟಿನಿಂದ ಮನೆಯವರೆಗಿನ ರಸ್ತೆಯಲ್ಲಿ ಆ ಹತ್ತು ನಿಮಿಷ ಮುಗಿಸಿ.

ಬಿಟ್ಟು ಶುರು ಮಾಡುವಾಗ ಅಂತರ ನೋಡಿ. ಒಂದು ವಾರದೊಳಗಾದರೆ ಏನೂ ಆಗಿಲ್ಲವೆಂಬಂತೆ ಮುಂದುವರಿಸಿ. ಎರಡು ಮೂರು ವಾರವಾಗಿದ್ದರೆ ಮೊದಲ ವಾರ ಹಳೆಯ ಸಮಯದ ಅರ್ಧ, ಎರಡನೆಯ ವಾರ ಮುಕ್ಕಾಲು. ತಿಂಗಳು ದಾಟಿದ್ದರೆ ಮಡಿಕೇರಿಯವರಿಗೆ ಕೊಟ್ಟ ಓಟ-ನಡಿಗೆಯ ಮೂರನೆಯ ವಾರದಿಂದ ಹಿಡಿಯಿರಿ. ತಪ್ಪಿದ್ದನ್ನು ತುಂಬಿಸಲು ಒಂದೇ ವಾರದಲ್ಲಿ ಐದಾರು ದಿನ ಓಡಬೇಡಿ. ಕುಯ್ಲಿನಲ್ಲಿ ದಿನವಿಡೀ ತೋಟ ಸುತ್ತಿದ ಕಾಲು ಗಟ್ಟಿಯೇ ಇರುತ್ತದೆ, ಆದರೆ ಓಟದ ಪೆಟ್ಟು ತಿಂದು ಅದಕ್ಕೆ ರೂಢಿ ತಪ್ಪಿರುತ್ತದೆ. ಮೊಣಕಾಲಿನಿಂದ ಕೆಳಗೆ ಕಾಲಿನ ಮುಂಭಾಗದ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.